ಎಡಗಾಲಿಗೆ ಕೆಲಸವಿಲ್ಲದ ಕಾರು

ದುಂಡಸಿ
12-11-1978

ಚಿ. ಸುಶೀಲಾಗೆ ಅಜ್ಜಿ ಸಿದ್ದವ್ವ ಬರೆಯುವುದು,

ಇಲ್ಲಿ ಎಲ್ಲರೂ ಇದ್ದಂತೆಯೇ ಇದ್ದೇವೆ. ನಿನ್ನ ಅವ್ವನಿಗೆ ಮಂಡಿನೋವು, ನಿನ್ನ ಅಪ್ಪ ಫಕ್ಕೀರಪ್ಪನಿಗೆ ಮೂಗಿನ ತುದಿಯ ಸಿಟ್ಟು, ನನಗೆ ನನ್ನ ನಾಲಿಗೆ. ಯಾವುದೂ ಹೊಸದಲ್ಲ.

ನೀನು ಹಂಸಭಾವಿಯ ಶಾಲೆಗೆ ಮಾಸ್ತರಿಣಿಯಾಗಿ ಹೋಗಿ ಒಂದೂವರೆ ವರ್ಷವಾಯಿತು. ಅಷ್ಟರಲ್ಲಿ ಈ ಮನೆಗೆ ಬಂದದ್ದು ಎರಡು ಕಾರ್ಡು. ಎರಡೂ ಅವ್ವನ ಹೆಸರಿಗೆ. ಎರಡರ ಕೊನೆಗೂ ‘ಎಲ್ಲರಿಗೂ ನಮಸ್ಕಾರ’ ಎಂದು ಬರೆದಿದ್ದೆ. ಆ ಎಲ್ಲರ ಒಳಗೆ ನಾನು ಇದ್ದೇನೋ ಇಲ್ಲವೋ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ದೀಪಾವಳಿಗೂ ನೀನು ಬರಲಿಲ್ಲ. ಹಾನಗಲ್ಲಿನಲ್ಲಿ ಒಂದು ಬಸ್ಸು, ಶಿಗ್ಗಾಂವಿಯಲ್ಲಿ ಒಂದು ಬಸ್ಸು ಬದಲಿಸಿದರೆ ಮನೆ. ಹಾದಿ ದೂರವಾಗಿ ನೀನು ನಿಂತಿಲ್ಲ, ಅದು ನನಗೆ ಗೊತ್ತು. ಆ ಮಾತು ಈಗ ಬೇಡ.

ಬರೆಯಲು ಕಾರಣ ಬೇರೆ. ನಿನ್ನ ಅಜ್ಜನ ಕಾರು ಕೆಟ್ಟಿದೆ. ಅವರು ಹೋದ ಮೇಲೆ ಅದು ದನದ ಕೊಟ್ಟಿಗೆಯ ಪಕ್ಕ ಸುಮ್ಮನೆ ನಿಂತಿತ್ತು. ದೀಪಾವಳಿಗೆ ಪೂಜೆ ಮಾಡಿ ಹೊರಗೆ ತರೋಣವೆಂದು ನಿನ್ನ ಅಪ್ಪ ಚಾಲೂ ಮಾಡಿದ. ಎಂಜಿನ್ನು ಹುಲಿಯ ಹಾಗೆ ಗುರುಗುಟ್ಟಿತು. ಗಾಲಿ ಮಾತ್ರ ಹೊಸ ಸೊಸೆಯ ಹಾಗೆ ಹೊಸ್ತಿಲಲ್ಲೇ ನಿಂತಿತು. ಕೆಳಗೆ ಎಣ್ಣೆ ಸೋರಿತ್ತು. ಸವಣೂರಿನಿಂದ ಮೆಕ್ಯಾನಿಕ್ ಮಕ್ತುಮಸಾಬ ಬಂದ. ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದ.

“ಅವ್ವಾರ, ಇದು ಕೆಂಪಗಿರಬೇಕಾಗಿತ್ತು, ಕರ್‍ರಗ ಆಗೇತಿ. ಗೇರು ತಾನ ಬದಲಿಸೋ ಡಬ್ಬಿ ಇದು, ಒಳಗ ಸುಟ್ಟೈತ್ರಿ. ಅಮೇರಿಕಾದ ಸಾಮಾನು, ಮುಂಬೈದಾಗೂ ಸಿಗಂಗಿಲ್ಲ. ಇದನ್ನ ಕಿತ್ತು ಜೀಪಿನ ಗೇರ್‌ಬಾಕ್ಸ್ ಕುಂಡ್ರಿಸೂಣು. ಇನ್ನ ಮ್ಯಾಲೆ ಕೈಲೆ ಗೇರು ಹಾಕೂದು.”

“ಏನರ ಕುಂಡ್ರಿಸು, ನಮ್ಮನ್ನ ಬೀದ್ಯಾಗ ಕುಂಡ್ರಿಸಬ್ಯಾಡ” ಎಂದೆ.

ಗಾಡಿಯನ್ನು ಸವಣೂರಿಗೆ ಒಯ್ಯಬೇಕಾದರೆ ಎತ್ತು ಕಟ್ಟಿ ಎಳೆಯಬೇಕು. ಅಮೇರಿಕದ ಕಾರನ್ನು ಎತ್ತು ಎಳೆಯುವುದನ್ನು ನೋಡಲು ಇಡೀ ಬಜಾರು ಸೇರುತ್ತದೆ ಎಂದು ನಿನ್ನ ಅಪ್ಪನಿಗೆ ನಾಚಿಕೆ. ಅದಕ್ಕೆ ಎಲ್ಲ ಕೆಲಸ ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೇ ಆಗಬೇಕೆಂದು ಠರಾಯಿಸಿದ್ದಾರೆ.

ಸ್ಟೇರಿಂಗಿನ ಮೇಲೆ ನೀನು ಹಿಡಿದು ಹಿಡಿದು ಸವೆದ ಜಾಗ ಹಾಗೇ ಇದೆ. ಸುದ್ದಿ ತಿಳಿಸಿದೆ, ಅಷ್ಟೇ.

ನಿನ್ನ ಅಜ್ಜಿ
ಸಿದ್ದವ್ವ

ತಾ.ಕ.: ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನಾನು ಕಲಿತದ್ದೆಲ್ಲ ನೀನು ಕಲಿಸಿದ್ದು. ಒತ್ತಕ್ಷರ ತಪ್ಪಿದ್ದರೆ ಬೈಗುಳ ಅರ್ಧ ನಿನಗೂ ಸೇರುತ್ತದೆ.

•

ದುಂಡಸಿ
3-12-1978

ಚಿ. ಸುಶೀಲಾಗೆ,

ಉತ್ತರ ಬರಲಿಲ್ಲ. ಬಾರದಿದ್ದರೂ ಬರೆಯುತ್ತೇನೆ. ನನ್ನ ಬಾಯಿ ಮುಚ್ಚಿಸಲು ನಿನ್ನ ಅಜ್ಜನಿಂದಲೇ ಆಗಲಿಲ್ಲ.

ಡಬ್ಬಿ ಇಳಿಸಿದರು. ಬೇವಿನ ಕೊಂಬೆಗೆ ಸರಪಳಿ ಕಟ್ಟಿ, ಕೆಳಗೆ ಗೋಣಿಚೀಲ ಹಾಸಿ, ಮಕ್ತುಮಸಾಬ, ನಿನ್ನ ಅಪ್ಪ, ನಮ್ಮ ಆಳು ಮಾಳಪ್ಪ ಮೂವರೂ ಸೇರಿ ಇಳಿಸುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಎರಡು ಮಣ ಜೋಳಕ್ಕಿಂತ ಭಾರ. ಈಗ ಅದು ಬಾವಿಕಟ್ಟೆಯ ಹತ್ತಿರ ಬಿದ್ದಿದೆ, ಅದರ ಮೇಲೆ ಬೆಕ್ಕು ಬಿಸಿಲು ಕಾಯಿಸುತ್ತದೆ. ಜೀಪಿನ ಗೇರ್‌ಬಾಕ್ಸು ಈ ಎಂಜಿನ್ನಿಗೆ ನೇರ ಕೂರುವುದಿಲ್ಲವಂತೆ. ನಡುವೆ ಹಾಕಲು ಒಂದು ದಪ್ಪ ತಗಡಿನ ತಟ್ಟೆಯನ್ನು ಮಕ್ತುಮಸಾಬ ಕೂತು ಅರದಿಂದ ಉಜ್ಜುತ್ತಾನೆ, ನಾನು ಶೇಂಗಾ ಸುಲಿಯುತ್ತ ನೋಡುತ್ತೇನೆ.

ಮೊನ್ನೆ ಅವನು ಕಾರಿನ ಒಳಗೆ ಬಗ್ಗಿ, ಕಾಲಿಡುವ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿದ.

“ಅಲ್ಲೇನು ರಂಗೋಲಿ ಹಾಕತೀಯೋ?” ಎಂದೆ.

“ಇಲ್ಲಿ ಕ್ಲಚ್ಚು ಬರತೈತ್ರಿ ಅವ್ವಾರ. ಗೇರು ಬದಲಿಸೂಮುಂದ ಇದನ್ನ ತುಳೀಬೇಕು. ಎಡಗಾಲಿಗೆ.”

ನನ್ನ ಕೈಯಲ್ಲಿನ ಶೇಂಗಾ ಮೊರಕ್ಕೆ ಬಿತ್ತು.

ಸುಶೀಲಾ, ನಿನಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ಎಡಗಾಲು ಸಣ್ಣಗಾಯಿತು. ನಿನಗೆ ಹತ್ತು ವರ್ಷವಿದ್ದಾಗ ನಿನ್ನ ಅಜ್ಜ ಸವಣೂರಿನ ದೊಡ್ಡಮನೆಯವರಿಂದ ಈ ಕಾರು ತಂದರು. ಊರೆಲ್ಲ ನಕ್ಕಿತು. ಅಷ್ಟು ದುಡ್ಡಿಗೆ ಟ್ರ್ಯಾಕ್ಟರೇ ಬರುತ್ತಿತ್ತಲ್ಲ ಎಂದು ನಾನು ಎಂಟು ದಿನ ಮಾತು ಬಿಟ್ಟೆ. ಒಂಬತ್ತನೆಯ ದಿನ ಅವರು ಬಂದು, “ಇದರಾಗ ಎಡಗಾಲಿಗೆ ಕೆಲಸ ಇಲ್ಲ, ತಿಳಕೋ” ಎಂದರು. ಸೋಮಾರಿಗಳ ಗಾಡಿ ಎಂದು ಹೊಗಳಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಮುಂದೆ ನಿನ್ನನ್ನು ಕೂರಿಸಿಕೊಂಡು ಹೊಲದ ದಾರಿಯಲ್ಲಿ ಓಡಿಸಲು ಕಲಿಸಿದಾಗಲೂ, ಮೊಮ್ಮಗಳ ಮುದ್ದು ಅಂದುಕೊಂಡೆ. ಅವರ ಆ ಮಾತು ತಿಳಿಯಲು ಹದಿನಾಲ್ಕು ವರ್ಷ ಬೇಕಾಯಿತು ನನಗೆ. ಅದೂ ಒಂದು ಸೀಮೆಸುಣ್ಣದ ಗೆರೆಯಿಂದ.

ನಾನು ಎದ್ದು ಹೋಗಿ ಕಾರಿನ ಒಳಗೆ, ಸ್ಟೇರಿಂಗಿನ ಮುಂದೆ ಕೂತುಬಿಟ್ಟೆ. ಬಾಗಿಲು ಹಾಕಿಕೊಂಡೆ.

“ಯವ್ವಾ, ಇಳಿ. ಕೆಲಸ ನಿಂತೈತಿ” ಎಂದ ನಿನ್ನ ಅಪ್ಪ.

“ನಿಲ್ಲಲಿ. ಆ ಮೂರನೇ ಪೆಡಲು ಹಾಕಿದ್ರ ಆ ಹುಡುಗಿ ಈ ಗಾಡಿ ಹ್ಯಾಂಗ ನಡಸ್ತಾಳೋ?”

“ನಡಸಾಕ ಬರಬೇಕಲ್ಲ ಆಕಿ ಮೊದಲ!” ಎಂದು ಕೂಗಿದ. ಕೂಗಿದವನು ಅಲ್ಲಿ ನಿಲ್ಲಲಿಲ್ಲ, ಹೊಲಕ್ಕೆ ಹೋದ. ಹೋಗುವಾಗ ಅವನ ಮುಖ ನಾನು ನೋಡಿದೆ. ನಿನಗೆ ಅದನ್ನು ಬರೆಯುವುದಿಲ್ಲ.

ಹೊತ್ತು ಮುಳುಗುವ ತನಕ ನಾನು ಇಳಿಯಲಿಲ್ಲ. ಮಕ್ತುಮಸಾಬ ತನ್ನ ಪಾನಾ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಹೋದ. ಕಾರು ಈಗ ಹೊಟ್ಟೆ ಖಾಲಿ ಮಾಡಿಕೊಂಡು ನಿಂತಿದೆ.

ನಿನ್ನ ಅಜ್ಜಿ
ಸಿದ್ದವ್ವ

•

ಹಂಸಭಾವಿ
15-12-1978

ಪೂಜ್ಯ ಅಜ್ಜಿಗೆ ಸುಶೀಲಾ ಮಾಡುವ ನಮಸ್ಕಾರಗಳು.

ಎರಡೂ ಪತ್ರ ಮುಟ್ಟಿವೆ. ನನ್ನ ಸಲುವಾಗಿ ಕೆಲಸ ನಿಲ್ಲಿಸಬೇಡಿ. ಕಾರು ಓಡಲಿ. ಅಪ್ಪನಿಗೆ ಎರಡೂ ಕಾಲು ಗಟ್ಟಿ ಇವೆ.

ನಾನು ಈಗ ಬಸ್ಸಿನಲ್ಲಿ ಓಡಾಡುತ್ತೇನೆ. ಹಿರೇಕೆರೂರಿಗೆ ಪಗಾರಕ್ಕೆ ಹೋಗುವ ದಿನ ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಡುತ್ತಾರೆ. ಬಿಡಿಸಿಕೊಡುವಾಗ ಯಾರೂ ನಗುವುದಿಲ್ಲ.

ಅವ್ವನ ಮಂಡಿಗೆ ಎಣ್ಣೆ ಹಚ್ಚಿ. ಒತ್ತಕ್ಷರ ನಾಲ್ಕು ಕಡೆ ತಪ್ಪಿವೆ.

ಸುಶೀಲಾ

•

ದುಂಡಸಿ
2-1-1979

ಚಿ. ಸುಶೀಲಾಗೆ,

ತಪ್ಪು ನಾಲ್ಕಲ್ಲ, ಆರು. ನಾನೇ ಮತ್ತೆ ಎಣಿಸಿದೆ.

ನಿನ್ನ ಪತ್ರವನ್ನು ನಿನ್ನ ಅಪ್ಪ ಕೇಳಲಿಲ್ಲ. ಆದರೆ ನಾನು ಅದನ್ನು ಅಡಕೊತ್ತಿನ ಕೆಳಗೆ ಇಟ್ಟಿದ್ದೆ, ಮರುದಿನ ನೋಡಿದರೆ ಅಡಕೊತ್ತು ಬೇರೆ ಕಡೆ ಮುಖ ಮಾಡಿತ್ತು. ಇನ್ನೇನು, ಬೆಕ್ಕು ಓದಿತೇ?

ಕೆಲಸ ಮತ್ತೆ ಶುರುವಾಗಿದೆ. ಉಜ್ಜಿದ ತಟ್ಟೆ ಕೂತಿತು, ಜೀಪಿನ ಗೇರ್‌ಬಾಕ್ಸೂ ಕೂತಿತು. ಅಲ್ಲಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆಯ ದಂಡ ಒಂದು ಗೇಣು ಹೆಚ್ಚಾಯಿತೆಂದು ಕೊಯ್ದು ಮತ್ತೆ ಬೆಸೆದುಕೊಂಡು ಬಂದರು. ಇನ್ನೊಂದು ಕೆಲಸವನ್ನೂ ನಾನು ಮಕ್ತುಮಸಾಬನಿಗೆ ಹೇಳಿದ್ದೇನೆ. ಅದು ಅವನಿಗೂ ನನಗೂ ಇರಲಿ.

ಸಂಕ್ರಾಂತಿ ಬಂತು. ನಿನಗೊಂದು ಕುಪ್ಪಸ ಹೊಲಿಸಬೇಕೆಂದಿದ್ದೇನೆ. ಇದರೊಳಗೆ ಒಂದು ದಾರ ಇಟ್ಟಿದ್ದೇನೆ. ಕೂತುಕೊಂಡು ಎಡಗೈ ಮುಂದೆ ಚಾಚಿ, ಭುಜದಿಂದ ಮುಷ್ಟಿಯವರೆಗೆ ದಾರ ಹಿಡಿದು ಗಂಟು ಹಾಕು. ಮತ್ತೆ ಮುಷ್ಟಿಯನ್ನು ಎದೆಯ ಕಡೆ ಎಳೆದುಕೊಂಡು ಅಲ್ಲಿಗೊಂದು ಗಂಟು ಹಾಕು. ಬೇಗ ಕಳಿಸು.

ನಿನ್ನ ಅಜ್ಜಿ
ಸಿದ್ದವ್ವ

•

ಹಂಸಭಾವಿ
9-1-1979

ಅಜ್ಜಿಗೆ,

ದಾರ ವಾಪಸು ಕಳಿಸಿದ್ದೇನೆ. ಗಂಟು ಹಾಕಿಲ್ಲ.

ಎಂಟು ವರ್ಷ ಹೊಲಿಗೆ ಹಾಕಿದವಳು ನಾನು. ಕುಪ್ಪಸಕ್ಕೆ ಯಾರೂ ಮುಷ್ಟಿಯ ಅಳತೆ ಕೇಳುವುದಿಲ್ಲ. ಹೋದ ಸಲವೂ ಹಬ್ಬದ ಕುಪ್ಪಸ ಎಂದು ನೀವು ದಾರ ಹಿಡಿದು ಅಳತೆ ತೆಗೆದಿರಿ. ಅದನ್ನು ಹಾಕಿಕೊಂಡು ಹೊರಗೆ ಬಂದಾಗ ಪಡಸಾಲೆಯಲ್ಲಿ ಹಾನಗಲ್ಲಿನವರು ಕೂತಿದ್ದರು. ಆ ಕುಪ್ಪಸ ಇನ್ನೂ ನನ್ನ ಟ್ರಂಕಿನ ತಳದಲ್ಲಿದೆ. ಒಂದೇ ಸಲ ಹಾಕಿದ್ದು.

ಈ ಸಲ ಯಾರು ಬಂದು ಕೂರುತ್ತಾರೆ?

ಸುಶೀಲಾ

•

ದುಂಡಸಿ
16-1-1979

ಸುಶೀಲಾ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಬಾಯಿಂದ ಬೇಕಾದಷ್ಟು ಹೊರಗೆ ಹೋಗುತ್ತದೆ, ಒಳಗೆ ಏನೂ ಇಳಿಯಲಿಲ್ಲ.

ಯಾರೂ ಬಂದು ಕೂರುವುದಿಲ್ಲ ತಂಗಿ. ಸುಳ್ಳು ಹೇಳಿದ್ದು ನಾನು, ಅದೂ ಅದೇ ಹಳೆಯ ಸುಳ್ಳು. ಬಾಯಿಗೆ ಅಷ್ಟು ರೂಢಿ. ಖರೇ ಮಾತು ಕೇಳು.

ಆ ದಿನ ಕಾರಿನಿಂದ ಇಳಿದು ಒಳಗೆ ಬಂದೆ. ಪಡಸಾಲೆಯ ಮೂಲೆಯಲ್ಲಿ ನಿನ್ನ ಹೊಲಿಗೆ ಮಷೀನು ಇದೆಯಲ್ಲ. ಬರುವಾಗ ಅದೂ ಕಾಲಿನಿಂದ ತುಳಿಯುವ ಮಷೀನೇ ಆಗಿತ್ತು. ನಿನಗೆ ತುಳಿಯಲು ಆಗುವುದಿಲ್ಲವೆಂದು ನಿನ್ನ ಅಜ್ಜ ಅದರ ಗಾಲಿಗೆ ಕೈಹಿಡಿಕೆ ಹಾಕಿಸಿದರು. ಆಮೇಲೆ ಸವಣೂರಿನಿಂದ ಮಕ್ತುಮಸಾಬನನ್ನು ಮತ್ತೆ ಕರೆಸಿ ಅದರ ಮುಂದೆ ನಿಲ್ಲಿಸಿದೆ.

“ಇದಕ್ಕ ಕೈ ಹಚ್ಚಾಕ ಬಂತು. ನಿನ್ನ ಕ್ಲಚ್ಚಿಗೆ ಯಾಕ ಬರಂಗಿಲ್ಲ?” ಎಂದೆ.

ಅವನು ಹಿಡಿಕೆ ತಿರುಗಿಸಿದ, ನಿಲ್ಲಿಸಿದ, ಮತ್ತೆ ತಿರುಗಿಸಿದ. “ಮಷೀನು ಹಗರಿರತೈತ್ರಿ ಅವ್ವಾರ. ಕ್ಲಚ್ಚು ಜಡ. ಕೈ ಸೋತು ಬೀಳತೈತಿ” ಎಂದ. ಎಂಟು ದಿನ ಬರಲಿಲ್ಲ. ಬಂದಾಗ ಅವನ ಹೆಗಲ ಮೇಲೆ ಹಳೆಯ ಲಾರಿಯ ಹ್ಯಾಂಡ್‌ಬ್ರೇಕಿನ ಉದ್ದನೆಯ ಹಿಡಿಕೆ ಇತ್ತು. ಅದಕ್ಕೆ ಹಲ್ಲುಗಳಿವೆ. ಎಳೆದರೆ ಕ್ಲಚ್ಚು ತುಳಿದಂತಾಗಿ, ಎಳೆದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಕೈ ಬಿಟ್ಟು ಗೇರು ಬದಲಿಸಬಹುದು, ಮತ್ತೆ ಹಿಡಿದು ತುದಿಯ ಗುಂಡಿ ಒತ್ತಿ ಮೆಲ್ಲಗೆ ಬಿಟ್ಟರೆ ಗಾಡಿ ಹೊರಡುತ್ತದೆ. ಉದ್ದ ಇರುವುದರಿಂದ ಕೈಗೆ ಭಾರ ಬೀಳುವುದಿಲ್ಲವಂತೆ. ಎಲ್ಲಿ ಕೂರಿಸಬೇಕೆನ್ನುವುದಕ್ಕೆ ಅವನಿಗೆ ನಿನ್ನ ಕೈ ಬೇಕು. ಟೇಪು ಹಿಡಿದು ಅಳೆಯೋಣವೆಂದರೆ ನೀನು ಇಲ್ಲ. ಅದಕ್ಕೆ ದಾರ.

ಕಾಲಿನ ಪೆಡಲೂ ಇರುತ್ತದೆ, ನಿನ್ನ ಅಪ್ಪನಿಗೆ. ಪಕ್ಕದಲ್ಲಿ ಹಿಡಿಕೆಯೂ ಇರುತ್ತದೆ.

ಇನ್ನು ಆ ಮಾತು. ಒಂದೂವರೆ ವರ್ಷದಿಂದ ಅದರ ಸುತ್ತ ಗಾಣದ ಎತ್ತಿನ ಹಾಗೆ ತಿರುಗಿದ್ದೇನೆ. ಹಾನಗಲ್ಲಿನವರು ಕೂತಿದ್ದರು. ಹೆಂಡತಿ ಸತ್ತ ನಲವತ್ತೆರಡು ವರ್ಷದ ವರ. ನೀನು ಅವರ ಎದುರೇ, “ನನಗ ಒಪ್ಪಿಗಿ ಇಲ್ರಿ” ಎಂದೆ. ನಾನು, “ಅರ್ಧ ಕಾಲಿನಾಕಿಗೆ ಇಡೀ ಗಂಡನ್ನ ಎಲ್ಲಿಂದ ತರೂಣು?” ಎಂದೆ. ಎಲ್ಲರೂ ನಕ್ಕರು. ನಿನ್ನ ಅಪ್ಪ ನಕ್ಕ. ಎಲ್ಲರಿಗಿಂತ ಮೊದಲು ನಾನು ನಕ್ಕೆ. ನೀನು ಮಂಡಿಯ ಮೇಲೆ ಕೈ ಊರಿಕೊಂಡು ಒಳಗೆ ಹೋದೆ. ಆ ಪಡಸಾಲೆ ಅಷ್ಟು ಉದ್ದ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಯಾಕೆ ಹಾಗೆ ಅಂದೆ ಎನ್ನುವುದಕ್ಕೆ ಕಾರಣ ಹೇಳುವುದಿಲ್ಲ. ನನ್ನ ಕಾಲ ಮುಗಿದರೆ ನಿನ್ನನ್ನು ಯಾರು ನೋಡುತ್ತಾರೆ ಎಂಬ ಹೆದರಿಕೆ ಇತ್ತು. ಹೆದರಿದವರೆಲ್ಲ ಹಾಗೆ ಮಾತಾಡುವುದಿಲ್ಲ. ತಪ್ಪು ನನ್ನದು. ಇದನ್ನು ಬರೆಯಲು ನಾಲ್ಕು ಹಾಳೆ ಹರಿದೆ.

ಕುಸುರೆಳ್ಳು ಇಟ್ಟಿದ್ದೇನೆ. ಟಪಾಲಿನವರ ಠಸ್ಸೆ ಬಿದ್ದು ಪುಡಿಯಾದರೂ ಚೆಲ್ಲಬೇಡ. ದಾರವನ್ನೂ ಮತ್ತೆ ಇಟ್ಟಿದ್ದೇನೆ.

ಸಿದ್ದವ್ವ

•

ಹಂಸಭಾವಿ
4-2-1979

ಪೂಜ್ಯ ಅಜ್ಜಿಗೆ,

ಕುಸುರೆಳ್ಳು ಪುಡಿಯಾಗಿಯೇ ಬಂತು. ಬೆರಳಿಗೆ ಅಂಟಿಸಿಕೊಂಡು ತಿಂದೆ.

ದಾರದಲ್ಲಿ ಎರಡು ಗಂಟು ಹಾಕಿದ್ದೇನೆ. ನಮ್ಮ ಶಾಲೆಯ ಖುರ್ಚಿ ಕಾರಿನ ಸೀಟಿಗಿಂತ ಎತ್ತರ, ಅದಕ್ಕೆ ನೆಲದ ಮೇಲೆ ಲೋಡು ಹಾಕಿಕೊಂಡು ಕೂತು ಅಳೆದೆ. ಹಿಡಿಕೆ ತೀರ ಹಿಂದೆ ಬಂದರೆ ಮೊಣಕೈ ಸೀಟಿಗೆ ತಾಗುತ್ತದೆ ಎಂದು ಮಕ್ತುಮಸಾಬರಿಗೆ ಹೇಳಿ.

ಅಳತೆ ಕಳಿಸಿದ್ದೇನೆ ಎಂದರೆ ಬರುತ್ತೇನೆ ಎಂದಲ್ಲ. ನಿಮ್ಮ ಪತ್ರ ಬಂದ ಮೇಲೆ ಎರಡು ಭಾನುವಾರ ಬಸ್ ನಿಲ್ದಾಣದವರೆಗೆ ಹೋದೆ. ಹಾನಗಲ್ಲಿನ ಬಸ್ಸು ಬಂತು, ಹೋಯಿತು. ಮನೆ ನೆನಪಾಗದ ದಿನವಿಲ್ಲ ಅಜ್ಜಿ. ಆದರೆ ಆ ಪಡಸಾಲೆಯೊಳಗೆ ಮತ್ತೆ ನಾನೊಬ್ಬಳೇ ನಡೆದು ಬರಬೇಕು. ಅದು ನನ್ನಿಂದ ಆಗುತ್ತಿಲ್ಲ.

ಬೇವು ಈಗ ಎಲೆ ಉದುರಿಸುತ್ತಿರಬೇಕು. ಕಾರಿನ ಗಾಜು ಮುಚ್ಚಿರಿ.

ನಿಮ್ಮ
ಸುಶೀಲಾ

•

ಹಂಸಭಾವಿ, ನಿನ್ನ ಶಾಲೆಯ ಎದುರು
10-3-1979, ಶನಿವಾರ

ಚಿ. ಸುಶೀಲಾಗೆ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಸರಿಯಾಗಿಯೇ ಬರೆದಿದ್ದೇನೆ. ಈ ಪತ್ರಕ್ಕೆ ಠಸ್ಸೆ ಇಲ್ಲ, ನಿನ್ನ ಅಪ್ಪನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಅವನು ಕೊಟ್ಟು ಸುಮ್ಮನೆ ನಿಲ್ಲುತ್ತಾನೆ. ಅವನಿಗೆ ಮಾತು ಬರುವುದಿಲ್ಲ, ಇದ್ದ ಮಾತೆಲ್ಲ ನಾನೇ ಖರ್ಚು ಮಾಡಿಬಿಟ್ಟಿದ್ದೇನೆ.

ಹಿಡಿಕೆ ಕೂತಿದೆ. ಸರಿಯಾಗಿ ನಿನ್ನ ಗಂಟಿನ ಜಾಗದಲ್ಲಿ. ಮಕ್ತುಮಸಾಬ ಮೊದಲ ಸಲ ಅದನ್ನು ಎಳೆದಾಗ, ಕೆಳಗಿನ ಪೆಡಲು ತಾನಾಗಿಯೇ ನೆಲಕ್ಕೆ ಇಳಿಯಿತು. ಯಾರದೋ ಕಾಣದ ಕಾಲು ತುಳಿದ ಹಾಗೆ. ಈ ವಯಸ್ಸಿನವರೆಗೆ ಗಂಡನ ಹೆಸರು ಬಾಯಿಂದ ಆಡಿದವಳಲ್ಲ ನಾನು. ಅವತ್ತು ಬೇವಿನ ಮರದ ಕೆಳಗೆ ಎಲ್ಲರ ಎದುರು ‘ಬಸವಣ್ಣೆಪ್ಪ’ ಎಂದುಬಿಟ್ಟೆ. ಮಾಳಪ್ಪ ಚಹಾದ ಕಪ್ಪು ಕೆಳಗಿಟ್ಟ.

ಆದರೆ ಕಾರು ಸಿದ್ಧವಾಗಿ ಮೂರು ವಾರವಾದರೂ ಹೊರಡಲಿಲ್ಲ, ಅದಕ್ಕೆ ಕಾರಣ ಕೇಳು. ಓಡಿಸಿ ನೋಡುವಾಗ ಮಕ್ತುಮಸಾಬ ತನ್ನ ಎಡಗಾಲನ್ನು ಟವೆಲ್ಲಿನಿಂದ ಸೀಟಿನ ಕಾಲಿಗೆ ಕಟ್ಟಿಕೊಂಡ. ಇಲ್ಲದಿದ್ದರೆ ಕಾಲು ರೂಢಿಯ ಮೇಲೆ ಪೆಡಲಿಗೆ ಹೋಗುತ್ತದಂತೆ. ನಿನ್ನ ಅಪ್ಪ ನೋಡುತ್ತ ನಿಂತಿದ್ದ. ಮರುದಿನ ಮುಂಜಾನೆ ಹಿತ್ತಲಿನಲ್ಲಿ ಕಾರಿನ ಸದ್ದು. ಹೋಗಿ ನೋಡಿದರೆ ನಿನ್ನ ಅಪ್ಪ, ಟವೆಲ್ಲಿನಿಂದ ಕಾಲು ಕಟ್ಟಿಕೊಂಡು, ಹಿಡಿಕೆ ಎಳೆದು ಬಿಟ್ಟು ಎಳೆದು ಬಿಟ್ಟು, ಗಾಡಿಯನ್ನು ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದ.

“ಏನೋ ಇದು, ನಿನಗ ಕಾಲಿಲ್ಲೇನು?” ಎಂದೆ.

“ಆಕಿಗೆ ಕಲಸಬೇಕಂದ್ರ ಮೊದಲ ನನಗ ಬರಬೇಕಲ್ಲ ಯವ್ವಾ” ಎಂದ. ತಲೆ ಎತ್ತಲಿಲ್ಲ.

ಇಪ್ಪತ್ತು ದಿನ ಕಲಿತ. ಎರಡು ಸಲ ಬಾವಿಕಟ್ಟೆಗೆ ಗುದ್ದಿದ. ಇವತ್ತು ಮುಂಜಾನೆ ಹೊರಟಾಗ ಪೆಡಲು ತುಳಿದುಕೊಂಡೇ ಬಂದ. ಹಾನಗಲ್ಲಿನಲ್ಲಿ ಚಹಾಕ್ಕೆ ನಿಲ್ಲಿಸಲೇ ಎಂದು ಕೇಳಿದ, ಆ ಊರಿನಲ್ಲಿ ನೀರೂ ಬೇಡ ಎಂದೆ. ಊರು ದಾಟಿದ ಮೇಲೆ ತಾನೇ ನಿಲ್ಲಿಸಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಕಾಲು ಕಟ್ಟಿಕೊಂಡ. ಅಲ್ಲಿಂದ ನಿನ್ನ ಶಾಲೆಯವರೆಗೆ ಹಿಡಿಕೆಯಿಂದಲೇ ಬಂದ. ನಾನು ಒಂದು ಮಾತೂ ಆಡಲಿಲ್ಲ. ನಂಬು.

ಮಂಗಳವಾರ ಹೋಳಿ ಹುಣ್ಣಿಮೆ. ಅವ್ವ ಕಡಲೆಬೇಳೆ ತೆಗೆದಿಟ್ಟಿದ್ದಾಳೆ. ಪಡಸಾಲೆಯೊಳಗೆ ನೀನೊಬ್ಬಳೇ ನಡೆದು ಬರಬೇಕಾಗಿಲ್ಲ. ಎಡಕ್ಕೆ ನಿನ್ನ ಅಪ್ಪ ಇರುತ್ತಾನೆ, ಬಲಕ್ಕೆ ನಾನು. ಯಾರಾದರೂ ನಕ್ಕರೆ ನನ್ನ ನಾಲಿಗೆ ಇನ್ನೂ ಇದೆ, ಈ ಸಲ ಯಾರ ಕಡೆಗೆ ಆಡಿಸಬೇಕೆಂದು ಅದಕ್ಕೆ ಗೊತ್ತು. ಆಮೇಲೆ ಇಲ್ಲಿಗೇ ತಿರುಗಿ ಬಾ, ನಿನ್ನ ಶಾಲೆ, ನಿನ್ನ ಪಗಾರ, ಯಾರೂ ಕೈ ಹಚ್ಚುವುದಿಲ್ಲ.

ಇವತ್ತು ನಿಮಗೆ ಅರ್ಧ ದಿನದ ಶಾಲೆಯಂತೆ. ಗಂಟೆ ಹೊಡೆಯಲಿ, ಮಕ್ಕಳು ಹೋಗಲಿ. ಆಮೇಲೆ ಕಿಟಕಿಯಿಂದ ನೋಡು. ಸ್ಟೇರಿಂಗಿನ ಮುಂದಿನ ಜಾಗ ಖಾಲಿ ಇದೆ, ಬೆನ್ನಿಗೆ ನಿನ್ನ ಹಳೆಯ ಲೋಡು ಇಟ್ಟಿದ್ದೇನೆ. ಹಿಡಿಕೆಗೆ ನಿನ್ನ ದಾರ ಸುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ಸೆರಗು ಹೊದ್ದುಕೊಂಡು ಕೂತಿರುವ ಮುದುಕಿ ನಾನೇ. ಅವತ್ತೂ ಇಳಿಯಲಿಲ್ಲ, ಇವತ್ತೂ ಇಳಿಯುವುದಿಲ್ಲ.

ನಿನ್ನ ಅಪ್ಪನಿಗೆ ಗೊತ್ತಿಲ್ಲ, ಕಾರಿನ ಕೀಲಿಕೈ ಅವನ ಜೇಬಿನಲ್ಲಿಲ್ಲ. ಈ ಲಕೋಟೆಯನ್ನು ಅಲುಗಿಸಿ ನೋಡು.

ನಿನ್ನ ಹಾದಿ ನೋಡುವ
ಸಿದ್ದವ್ವ